ಕಡಿ, ಖಡಿ

ಲೆಕ್ಕವನ್ನು ಕಂಪ್ಯೂಟರಿಗೆ ಬಿಟ್ಟರೆ ಜಗಳ ತಪ್ಪುತ್ತದೆ ಎಂದು ನಂಬಿದ್ದವಳು ನಾನು. ಆಳಂದದ ಕಡೆಯಿಂದ ಮದುವೆಯಾಗಿ ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾಕ್ಕೆ ಬಂದು, ರಸ್ತೆ ಗುತ್ತಿಗೆದಾರರ ಕಚೇರಿ ಸೇರಿದ್ದೆ. ನಿಲಂಗಾ–ಉದಗೀರ ರಸ್ತೆ ಅಗಲವಾಗುತ್ತಿತ್ತು. ವಿನ್ಯಾಸದವರು ಕೊಡುವ ಕಾರಿಡಾರ್, ಅಂದರೆ ಕಂಪ್ಯೂಟರಿನಲ್ಲಿ ಬಿಡಿಸಿದ ರಸ್ತೆಯ ಮಾದರಿ, ಬರೀ ಸಿಪ್ಪೆ, ಒಳಗೆ ಟೊಳ್ಳು. ನನ್ನ ಪ್ರೋಗ್ರಾಂ ಅದರ ಒಂದೊಂದು ತುಂಡಿಗೂ ನಮ್ಮ ಸರ್ವೇಯರುಗಳು ಬರೆದ ಹೆಸರುಗಳನ್ನು ಓದಿ, ಆ ಟೊಳ್ಳನ್ನು ಬಣ್ಣಬಣ್ಣದ ಘನಗಳಾಗಿ ತುಂಬುತ್ತಿತ್ತು: ಡಾಂಬರು ಕಪ್ಪು, ಜಲ್ಲಿ ನೀಲಿ, ಅಗೆದು ತೆಗೆಯುವ ಮಣ್ಣು ಕೆಂಪು.

ಒಂದು ಬೆಳಿಗ್ಗೆ ನಿಲಂಗಾ ಹತ್ತಿರದ ರೈತರೊಬ್ಬರು ಬಂದರು. ಗುಡ್ಡಕ್ಕೆ ಹತ್ತಿದ ಅವರ ಹೊಲದ ಅಂಚು ರಸ್ತೆಗೆ ಹೋಗಿತ್ತು. ಸರ್ವೇಯರ್ ಹಾಕಿದ ಸುಣ್ಣದ ಗೆರೆ ಅವರ ತಾಯಿಯನ್ನು ಹೂಳಿದ ಗದ್ದುಗೆಯನ್ನೂ ದಾಟಿತ್ತು.

“ತೊಂಬತ್ತಮೂರರ ಭೂಕಂಪದಾಗ ಊರಿನ ಹೆಣ ಎಲ್ಲಾ ಒಂದೇ ಬೆಂಕಿಗಿ ಕೊಟ್ಟಾರ್ರೀ. ಅವ್ವಗ ಮಾತ್ರ ನಾ ನನ್ನ ಕೈಲೆ ಮಣ್ಣು ಕೊಟ್ಟೀನಿ. ಮ್ಯಾಲ ಏನರ ಬೀಳಲಿ ತಂಗಿ, ಅಗೀಬಾರದ ನೋಡ್ರೀ.”

ತೆರೆಯಲ್ಲಿ ಆ ಜಾಗ ನೀಲಿಯಾಗಿತ್ತು. “ಜಲ್ಲಿ ಬೀಳ್ತದ ಕಾಕಾ, ಅಗಿಯೂದಿಲ್ಲ,” ಎಂದೆ. ಕೈ ಮುಗಿದು ಹೋದರು.

ಮಧ್ಯಾಹ್ನ ತೆರೆಯ ಮೇಲೆ ಅದೇ ತುಂಡನ್ನು ತಿರುಗಿಸಿ ಅಡಿಯಿಂದ ನೋಡಿದೆ. ನೀಲಿ ಘನ ನೆಲದ ಮೇಲಿರಲಿಲ್ಲ, ಆಳುದ್ದ ನೆಲದೊಳಗೆ ಇಳಿದಿತ್ತು. ಅಷ್ಟು ದಪ್ಪ ಜಲ್ಲಿ ಯಾವ ಪುಣ್ಯಾತ್ಮ ಹಾಕುತ್ತಾನೆ? ಆ ಹೆಸರು ಬರೆದವನು ಬೀದರಿನ ಸರ್ವೇಯರ್. ಅವನಿಗೆ ಫೋನ್ ಮಾಡಿದೆ.

“ಇಲ್ಲಿ ಖಡಿ ಅಂತ ಯಾಕ ಬರದೀಯೋ?”

“ಖಡಿ ಅಲ್ಲರೀ ಮೇಡಂ, ಕಡಿ! ಗುಡ್ಡದ ಮಣ್ಣು ಕಡಿಯೂದು. ಜೆಸಿಬಿ ಆಗಳೇ ಹೋಗ್ಯಾದ.”

ಮರಾಠಿಯಲ್ಲಿ ಖಡಿ ಎಂದರೆ ಜಲ್ಲಿ. ನಮ್ಮವರ ಬಾಯಿಗೆ ಬಂದರೆ ಅದೂ ಕಡಿಯೇ. ಇಂಗ್ಲಿಷ್ ಅಕ್ಷರದಲ್ಲಿ ಅವನು ಎರಡನ್ನೂ ಒಂದೇ ರೀತಿ ಬರೆಯುತ್ತಿದ್ದ, ಪ್ರೋಗ್ರಾಂ ಎರಡಕ್ಕೂ ಜಲ್ಲಿ ತುಂಬಿತ್ತು. ಬೈಯಲು ಹೊತ್ತಿರಲಿಲ್ಲ. ಜೆಸಿಬಿಯವನು ಫೋನ್ ಎತ್ತಲಿಲ್ಲ, ರೈತರ ನಂಬರ್ ನನ್ನ ಬಳಿ ಇರಲಿಲ್ಲ. ಕಚೇರಿಯ ಜೀಪು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಒಂದೊಂದನ್ನು ದಾಟುವಾಗಲೂ ಡ್ರೈವರನ ಜೀವ ತಿಂದೆ.

ಹೊಲ ಮುಟ್ಟಿದಾಗ ಜೆಸಿಬಿ ಗುಡ್ಡದ ಅಂಚನ್ನು ಕೆಡವುತ್ತ ಗದ್ದುಗೆಯ ಹತ್ತಿರ ಬಂದಿತ್ತು. ಮುಳ್ಳುಬೇಲಿಯನ್ನು ಪಕ್ಕಕ್ಕೆಳೆದು ಯಂತ್ರಕ್ಕೆ ದಾರಿ ಮಾಡಿಕೊಟ್ಟವರು ಆ ಕಾಕಾ ಅವರೇ. ಗದ್ದುಗೆ ಅಗೆಯುವುದಿಲ್ಲ ಎಂಬ ನನ್ನ ಮಾತಿನ ಮೇಲೆ.

“ಥಾಂಬಾ! ನಿಲ್ಲಸ್ರೀ!” ಎಂದು ಕೂಗುತ್ತ ಓಡಿದೆ. ಯಂತ್ರ ನಿಂತಿತು.

ಏದುಸಿರು ಬಿಡುತ್ತಲೇ ಹೇಳಿದೆ: “ಜಲ್ಲಿ ಅಲ್ಲ ಕಾಕಾ. ಇಲ್ಲಿ ಅಗೀತಾರ. ಅವ್ವನ ಗದ್ದಗಿ ಹೋಗ್ತದ.” ತಿರುವಿನ ಜಾಗ, ರಸ್ತೆಯನ್ನು ಸರಿಸಲು ಬರುವುದಿಲ್ಲ ಎಂದೂ ಹೇಳಿದೆ. ಸುಳ್ಳು ಧೈರ್ಯ ಕೊಡಲು ನಾಲಿಗೆ ಏಳಲಿಲ್ಲ.

ಅವರು ಗುಡಿಸಲಿಗೆ ಹೋಗಿ ಸಲಿಕೆ, ಬುಟ್ಟಿ ತಂದರು. ಹೆಗಲ ಮೇಲಿನ ಟವೆಲ್ ಬಿಚ್ಚಿ ನೆಲದ ಮೇಲೆ ಹಾಸಿದರು.

“ಅವಾಗ ನನ್ನ ಕೈಲೆ ಇಟ್ಟೀನಿ. ಅವ್ವನ ಎಲುಬು ಈಗೂ ನನ್ನ ಕೈಲೇ ಎತ್ತತೀನಿ. ಮಶೀನ್ ಮುಟ್ಟಬಾರದು.”

ಜೆಸಿಬಿಯವನು ಚಾವಿ ತಿರುಗಿಸಿ ಕೆಳಗಿಳಿದು ಚಪ್ಪಲಿ ಬಿಟ್ಟ. ಕಾಕಾ ಅಗೆದರು, ನಾನು ಬುಟ್ಟಿ ಹಿಡಿದೆ.