ಜಂತುಹುಳದ ಪಾತ್ರ

ಅಕ್ಕನ ಹುಳುವನ್ನು ಮೊದಲು ಕುಣಿಸಿದವನು ನಾನೇ. ಹಾಗಾಗಿ ಮುಂದೆ ಆದದ್ದಕ್ಕೆ ದೊಡ್ಡಪ್ಪನನ್ನು ಮಾತ್ರ ಬೈದುಕೊಂಡರೆ ಅನ್ಯಾಯವಾಗುತ್ತದೆ, ಆದರೂ ಬೈದುಕೊಳ್ಳುತ್ತೇನೆ.

ಮಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಅಕ್ಕ ಕಡಲತೀರದ ಮರಳಿನೊಳಗೆ ಬದುಕುವ ಒಂದು ಜಾತಿಯ ನೆಮಟೋಡ್ ಹಿಂದೆ ಬಿದ್ದಿದ್ದಳು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು. ಅದರ ಮೇಲೆಯೇ ಪಿಎಚ್.ಡಿ. ಮಾಡಲು ಸೀಟೂ ಸಿಕ್ಕಿತ್ತು. ಹಳೇಬೀಡಿನ ನಮ್ಮ ಮನೆಯಲ್ಲಿ ಅದರ ಕಥೆ ಕೇಳುವ ಪುರುಸೊತ್ತು ಇದ್ದದ್ದು ನನಗೊಬ್ಬನಿಗೇ.

"ಅಲೆ ಬಂದ್ರೆ ಬಾಲದ ತುದಿಯಿಂದ ಅಂಟು ಬಿಟ್ಟು ಮರಳಿನ ಕಾಳು ಹಿಡ್ಕೊಳ್ಳುತ್ತೆ ಕಣೋ. ತಲೆ ಮಾತ್ರ ಆಡ್ತಿರುತ್ತೆ" ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದಳು. ಆಗ ಅವಳ ಮುಖ ನೋಡಬೇಕಿತ್ತು. ನಾನು ಹುಳುವಿನ ಬಳುಕು ನೋಡಿಕೊಂಡೆ.

ಅವಳನ್ನು ಮತ್ತೆ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸಲು ಅರಸೀಕೆರೆಯಿಂದ ದೊಡ್ಡಪ್ಪ ಬಂದರು. ಕೊಬ್ಬರಿ ಮಂಡಿಯವರು, ಅಪ್ಪ ಹೋದಮೇಲೆ ನಮ್ಮ ಮನೆಯ ಹೂಂ, ಉಹೂಂ ಎರಡೂ ಅವರದೇ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಅದೇನವ್ವ ಅದು, ನೀನು ಓದೋ ಹುಳ?" ಎಂದರು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹಜಾರದ ನಡುವೆ ಅಂಡು ಅಂಟಿಸಿ ಕೂತು, ಕೈಗಳನ್ನು ಮೈಗೆ ಒತ್ತಿ, ಕತ್ತು ಉದ್ದ ಮಾಡಿ ಬಳುಕತೊಡಗಿದೆ. ನಡುವೆ ದೊಡ್ಡಪ್ಪನ ಹಾಗೇ ಒಂದು ತೇಗು ಬೇರೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪನಿಗಂತೂ ಕಣ್ಣಲ್ಲಿ ನೀರು.

"ಥೂ, ಜಂತುಹುಳ ಏನ್ಲಾ ಇದು! ಇದ್ನ ನೋಡಕ್ಕೆ ಸಮುದ್ರದ ಗಂಟ ಹೋಗ್ಬೇಕಾ? ನಮ್ಮ ಬೀದಿ ನಾಯಿ ಹೊಟ್ಟೇಲೇ ಬೇಕಾದಷ್ಟೈತೆ!"

"ಜಂತುಹುಳ ಅಲ್ಲ ದೊಡ್ಡಪ್ಪ. ಇದು ಯಾರ ಹೊಟ್ಟೇಲೂ ಇರಲ್ಲ, ತನ್ನ ಪಾಡಿಗೆ ತಾನು ಬದುಕುತ್ತೆ" ಎಂದಳು ಅಕ್ಕ. ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು; ನಾನು ಇನ್ನೊಂದು ಸಲ ಬಳುಕಿದೆ.

ಸಮುದ್ರದ ಮಾತು ಅಲ್ಲಿಗೇ ನಿಂತಿತು. ಅಕ್ಕ ಈಗ ಬೇಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಮನೆ ನಡೆಯುವುದು ಅವಳ ಸಂಬಳದಲ್ಲಿ. ನನ್ನ ಮೊಬೈಲಿಗೆ ರೀಚಾರ್ಜ್ ಕೂಡ ಅದರಲ್ಲೇ. ನಾನು ಮಿಮಿಕ್ರಿ ಕಲಾವಿದ ಎಂದು ಹೇಳಿಕೊಂಡು ತಿರುಗುತ್ತೇನೆ.

ಮೊನ್ನೆ ನೆಂಟರ ಮಗುವಿನ ನಾಮಕರಣದಲ್ಲಿ ಪಂಕ್ತಿಗೆ ಕೂತಿದ್ದ ದೊಡ್ಡಪ್ಪ, "ಲೋ, ಆ ಜಂತುಹುಳ ಮಾಡ್ಲಾ ಒಂದ್ಸಲ!" ಎಂದು ಕೂಗಿದರು. ನಾನು ಪಂಚೆ ಎತ್ತಿ ಕಟ್ಟಿದೆ. ಪಾಯಸ ಬಡಿಸುತ್ತಿದ್ದ ಅಕ್ಕ ಸೌಟು ನಿಲ್ಲಿಸದೆ ಹೇಳಿದಳು:

"ಜಂತುಹುಳ ಆಗಕ್ಕೆ ನೀನು ಕುಣೀಬೇಕಾಗಿಲ್ಲ ಕಣೋ. ಸುಮ್ನೆ ಎಲೆ ಮುಂದೆ ಕೂತ್ಕೋ, ಸಾಕು."