ಕರೆಯದ ಊರಿನ ಗೌಡ

ಜರ್ಮನಿಯ ಮ್ಯಾನ್‌ಹೈಮ್ ಪಕ್ಕದ ಹಳ್ಳಿಯೊಂದರಲ್ಲಿ ದಶಕಗಳಿಂದ ಬೇರೂರಿದ ಧಾರವಾಡದ ವಿಜ್ಞಾನಿ ಚನ್ನವೀರಪ್ಪ ಅಲ್ಲಿ ಯಾರೂ ಕೊಡದ ಗೌಡಕಿ ಮಾಡುತ್ತಾರೆ. ಜರ್ಮನ್ ಗ್ರೀನ್ ಕಾರ್ಡಿನ ಮೇಲೆ ಬಂದ ನಮ್ಮ ಕಡೆಯ ಐಟಿ ಹುಡುಗರು ಸಿಕ್ಕರೆ ಸಾಕು, ನದಿ ಎಲ್ಲಿ ದಿಕ್ಕು ಬದಲಿಸಿತು, ಯಾವ ಯುದ್ಧದ ತೋಪಿಗೆ ಚರ್ಚಿನ ಗಂಟೆ ಕರಗಿತು, ಯಾವ ಎರಡು ಮನೆಗಳಿಗೆ ಮಾತಿಲ್ಲ, ಎಲ್ಲ ಒದರುತ್ತಾರೆ. "ನಮ್ಮೂರಲೇ ಇದು!" ಎನ್ನದೆ ಉಸಿರು ಬಿಡುವುದಿಲ್ಲ. ಬಿಯರಂಗಡಿಯಲ್ಲಿ ಊರ ಹಿರಿಯರದೊಂದು ಖಾಯಂ ಮೇಜಿದೆ. ಅಲ್ಲಿ ಕರೆಯದೆ ಕೂರುವಂತಿಲ್ಲ. ಇವರನ್ನು ಇವತ್ತಿಗೂ ಯಾರೂ ಕರೆದಿಲ್ಲ. ಪಕ್ಕದಲ್ಲಿ ನಿಂತೇ ಗ್ಲಾಸು ಖಾಲಿ ಮಾಡಿ, ಎಲ್ಲರಿಗೂ ಕೈಯೆತ್ತಿ ಹೊರಡುತ್ತಾರೆ. "ಸಾರ್, ನಿಮ್ ಸೀಟ್ ಯಾವ್ದು?" ಎಂದು ಮೊನ್ನೆ ಬೆಂಗಳೂರಿನ ತೇಜಸ್ವಿ ಕಿಚಾಯಿಸಿದ. ಚನ್ನವೀರಪ್ಪ ಅವನನ್ನು ನೇರ ಊರ ಸ್ಮಶಾನಕ್ಕೆ ಕರೆದೊಯ್ದು, ಬೇಕರಿಯವನ ಗೋರಿಗೂ ಮೇಷ್ಟರ ಗೋರಿಗೂ ನಡುವೆ ತಾವು ಹಿಡಿದಿಟ್ಟ ಜಾಗ ತೋರಿಸಿದರು. "ನಮ್ಮ ಲಿಂಗಾಯತರನ್ನ ಕುಂದರಿಸೇ ಹುಗೀತಾರ, ತಮ್ಮಾ. ಇಲ್ಲೆ ಯಾರೂ ಕರೀಬೇಕಾಗಿಲ್ಲ."