ಮನೆಯೂ ಇಲ್ಲ, ಮಠವೂ ಇಲ್ಲ ಎಂದ ತೊಮ್ಮಾ

ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರುವ ನಮ್ಮ ತೊಮ್ಮಾಳ ಫೋಟೋ ನೋಡಿ ಈಗಿನ ಹುಡುಗಿಯರು, "ಯಾರೀ ಅಜ್ಜಿ, ಇಷ್ಟು ಗಂಟುಮುಖ?" ಎನ್ನುತ್ತಾರೆ. ಗಂಟುಮುಖವಂತೆ! ಅದನ್ನು ತೆಗೆಸಿದ ದಿನ ಅವಳಿಗೆ ಹಲ್ಲುನೋವಿತ್ತು. ಅವಳು ನಕ್ಕರೆ ಕಡಲ ಏರಿಯ ಮೇಲೆ ಮೇಯುವ ಕುರಿಗಳೂ ತಲೆಯೆತ್ತಿ ನೋಡುತ್ತಿದ್ದವು. ನಾನು ಗೇಶೆ, ಅವಳ ಬಾಲ್ಯದ ಗೆಳತಿ. ಫೋಟೋ ಬಿಡಿ, ನನ್ನ ಮಾತು ಕೇಳಿ.

ಆಗ ದೋಣಿಗಳು ಬಂದವೆಂದರೆ ಊರ ಹೆಂಗಸರೆಲ್ಲ ತೊಮ್ಮಾಳ ಅಡುಗೆಮನೆಯಲ್ಲಿ ಸೇರಿ ಸಿಗಡಿ ಸುಲಿಯುತ್ತಿದ್ದೆವು. ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಅವಳ ಗಂಡ ಉಬ್ಬೊನ ಅಜ್ಜ ಕಟ್ಟಿದ ಮನೆ ಅದು. ಸಮುದ್ರ ಊರಿಗೆ ನುಗ್ಗದಂತೆ ಕಟ್ಟಿದ ಹಳೇ ಮಣ್ಣಿನ ಏರಿ ಬಿಲ್ಲಿನ ಹಾಗೆ ಬಾಗುವ ಕಡೆ, ಅದರ ಬುಡಕ್ಕೇ ಅಂಟಿಕೊಂಡಿತ್ತು. ಸಮುದ್ರ ಕಾಣುತ್ತಿರಲಿಲ್ಲ, ಆದರೆ ಅದರ ಸದ್ದಿಲ್ಲದೆ ನಾವು ಒಂದು ಮಾತೂ ಆಡಿದವರಲ್ಲ. ಎಷ್ಟು ಚೆನ್ನಾಗಿತ್ತು ಆ ಕಾಲ!

ಅರವತ್ತೆರಡರ ಫೆಬ್ರವರಿಯಲ್ಲಿ ಸಮುದ್ರ ಉಕ್ಕಿತು. ಏರಿ ಜಿನುಗುತ್ತಿದೆ ಎಂದು ಮರಳಿನ ಚೀಲ ಹೊತ್ತು ಹೋದ ಉಬ್ಬೊ ಹೆಣವಾಗಿ ಬಂದ. ಹೊಸ ಏರಿ ಕಟ್ಟಿ ಎಂದರೆ ಪಂಚಾಯಿತಿಯ ಗಂಡಸರು, "ಬರೋ ವರ್ಷ ನೋಡೋಣ" ಎಂದರು. ಬರೋ ವರ್ಷವೂ ಅದನ್ನೇ ಎಂದರು. ತೊಮ್ಮಾ ಚುನಾವಣೆಗೆ ನಿಂತೇಬಿಟ್ಟಳು.

ನಮ್ಮ ಕಡೆ ಮನೆಗೆ ಬಂದವರು ಮೂರು ಕಪ್ ಟೀ ಕುಡಿಯದೆ ಏಳುವ ಹಾಗಿಲ್ಲ. ಎದ್ದರೆ ಮನೆಯವರಿಗೆ ಅವಮಾನ. ತೊಮ್ಮಾ ಮನೆಮನೆ ಹತ್ತಿಳಿದು ಸಂಜೆ ನನ್ನ ಬೆಂಚಿನ ಮೇಲೆ ಉರುಳಿಕೊಂಡಳು.

"ಓಟು ಹಾಕದವರ ಮನೇಲೂ ಮೂರು ಮೂರು ಕುಡಿದೆ ಕಣೇ. ಹೊಟ್ಟೆ ಒಳಗೇ ಸಮುದ್ರ ಉಕ್ತಿದೆ!"

ಗೆದ್ದಳು. ಮೊದಲ ಸಭೆಯಲ್ಲಿ ಟೀ ಕೆಟಲ್ ಮೇಜಿಗೆ ಬಂದಾಗ ಎಂಟು ಗಂಡಸರೂ ಅವಳ ಮುಖ ನೋಡಿದರಂತೆ. ಅವಳು ತನ್ನ ಕಪ್ಪಿಗೆ ಮಾತ್ರ ಬಗ್ಗಿಸಿಕೊಂಡು, "ಯಾಕೆ, ನಿಮಗೆಲ್ಲ ಕೈಗೇನಾಗಿದೆ?" ಎಂದಳಂತೆ. ಆ ಎಂಟರಲ್ಲಿ ಒಬ್ಬನಾದ, ಊರಿನ ದೊಡ್ಡ ಜಮೀನ್ದಾರ ಫೋಲ್ಕರ್ಟ್ ಅವತ್ತಿನಿಂದಲೇ ಅವಳ ಮೇಲೆ ಹಲ್ಲು ಮಸೆಯತೊಡಗಿದ.

ಅಂತೂ ಎರಡು ವರ್ಷ ಕಾಡಿ ಬೇಡಿ ಅವಳು ಇಂಜಿನಿಯರುಗಳನ್ನು ಕರೆಸಿದಳು. ಅವರು ಹಳೇ ಏರಿಯ ಬಾಗನ್ನು ಬಿಟ್ಟು ಊರ ಕಡೆಯಿಂದ ನೇರವಾಗಿ ಹೊಸ ಏರಿಯ ಗೆರೆ ಎಳೆದರು. ಹಳೇ ಏರಿಗೂ ಹೊಸ ಏರಿಗೂ ನಡುವೆ ಉಳಿದದ್ದು ಒಂದೇ ಮನೆ. ಅವಳದೇ. ಹೊಸ ಏರಿಯ ಆಚೆ ಮನೆ ಇರುವ ಹಾಗಿಲ್ಲ, ಅದನ್ನು ಕೆಡವಬೇಕು. ಹಣೆಬರಹ ಅಂದರೆ ಇದಲ್ಲವೇ?

ಏರಿಗೆ ತೆರಿಗೆ ಕೊಡಲು ಒಲ್ಲದ ಫೋಲ್ಕರ್ಟನಿಗೆ ಇಷ್ಟೇ ಸಾಕಾಯಿತು. ಯಾರ ಆಸ್ತಿಯ ಮಾತು ಬರುತ್ತದೋ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಕೈಯೆತ್ತುವ ಹಾಗಿಲ್ಲ ಎಂಬುದು ನಿಯಮ.

"ನಾನು ಹೊರಗೆ ಹೋದ್ರೆ ನಾಲ್ಕು, ನಾಲ್ಕು. ಸಮ ಆದ್ರೆ ಏರಿಯ ಠರಾವು ಬಿದ್ದುಹೋದ ಹಾಗೇ," ಎಂದಳು ತೊಮ್ಮಾ, ಸಿಗಡಿ ಸುಲಿಯುತ್ತ.

"ಹೋಗ್ಲಿ ಬಿಡೆ. ಉಬ್ಬೊನ ಮನೆಯಾದ್ರೂ ಉಳಿಯುತ್ತೆ."

"ಮನೆ ಉಳಿಯುತ್ತೆ. ನಿನ್ನ ಮಕ್ಕಳು?"

ನಾನು ಇನ್ನೊಂದು ಹಿಡಿ ಸಿಗಡಿ ಎಳೆದುಕೊಂಡೆ.

ಸಭೆಯ ದಿನ ನಾವು ಹೆಂಗಸರು ಹಿಂದಿನ ಬೆಂಚುಗಳಲ್ಲಿ ಕೂತಿದ್ದೆವು. ಫೋಲ್ಕರ್ಟ್ ಗಂಟಲು ಸರಿಮಾಡಿಕೊಂಡ.

"ತೊಮ್ಮಾ, ಏಳಮ್ಮ. ನಿನ್ನ ಮನೆಗೆ ಪರಿಹಾರ ಬರುತ್ತೆ, ನೀನು ಕೈಯೆತ್ತೋ ಹಾಗಿಲ್ಲ."

"ನನ್ನ ಮನೆ ಯಾವುದು ಯಜಮಾನ್ರೇ?"

"ತಮಾಷೆ ಮಾಡ್ತೀಯಾ? ಉಬ್ಬೊನ ಮನೆ!"

"ಅದನ್ನ ಮೊನ್ನೆ ಏರಿ ನೋಡ್ಕೊಳ್ಳೋ ಸಂಘಕ್ಕೆ ಬಿಟ್ಟಿಯಾಗಿ ಬರೆದುಕೊಟ್ಟೆ. ಪರಿಹಾರ ಬೇಡ ಅಂತಲೂ ಹೇಳಿದೆ. ಈಗ ನನಗೆ ಮನೆಯೂ ಇಲ್ಲ, ಮಠವೂ ಇಲ್ಲ. ಕೂತ್ಕೊಳ್ಳಲಾ?"

ಗುಮಾಸ್ತ ಹೌದೆಂದು ತಲೆಯಾಡಿಸಿದ. ತೊಮ್ಮಾ ಕೈಯೆತ್ತಿದಳು. ಐದಕ್ಕೆ ನಾಲ್ಕು, ಏರಿ ಗೆದ್ದಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಮೈಯೆಲ್ಲ ಉರಿಯಿತು. ನನಗೊಂದು ಮಾತು ಹೇಳಬಾರದಿತ್ತೇ? ಹೊರಗೆ ಬಂದದ್ದೇ ರೇಗಿದೆ.

"ತಲೆ ನೆಟ್ಟಗಿದೆಯಾ ನಿಂಗೆ? ಎಲ್ಲಿ ಮಲಗ್ತೀಯ ಇನ್ನು?"

"ನಿನ್ನ ಮಹಡಿ ಕೋಣೇಲಿ. ಬೇಡ ಅಂತೀಯಾ?"

ಬೇಡ ಎನ್ನಲಾಗುತ್ತದೆಯೇ? ಬಂದಳು, ಕೊನೆಯವರೆಗೂ ಇದ್ದಳು. ಮನೆ ಕೆಡವಿದ ದಿನ ಒಂದು ಹನಿ ಕಣ್ಣೀರೂ ಇಲ್ಲ. ಮುಂದೆ ಊರಿಗೇ ಅಧ್ಯಕ್ಷೆಯಾದಳು, ಬೀದಿದೀಪ ಹಾಕಿಸಿದಳು, ಶಾಲೆಗೆ ಬಸ್ಸು ತರಿಸಿದಳು, ಜಿಲ್ಲೆಯ ದೊಡ್ಡವರ ಎದುರು ಮೇಜು ಗುದ್ದಿ ಮಾತಾಡಿದಳು. ಆದರೆ ಹೊಸ ಏರಿಯನ್ನು ಹತ್ತಿದವಳೇ ಅಲ್ಲ. ಭಾನುವಾರ ಊರೆಲ್ಲ ಅಲ್ಲಿ ತಿರುಗಾಡಲು ಹೋದರೆ ಇವಳು ಕಿಟಕಿಗೆ ಬೆನ್ನು ಹಾಕಿ ಕೂರುವಳು. ಒಮ್ಮೊಮ್ಮೆ ಒಂದೇ ಮಾತು: "ಉಬ್ಬೊ ಬಿಟ್ಟುಹೋಗಿದ್ದು ಅದೊಂದೇ ಕಣೇ. ಅದನ್ನೂ ನನ್ನ ಕೈಯಾರೆ ಕೆಡವಿಸಿಬಿಟ್ಟೆ." ಏನು ಸಮಾಧಾನ ಹೇಳಿದರೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಎಪ್ಪತ್ತಾರರ ಜನವರಿಯಲ್ಲಿ ಸಮುದ್ರ ಮತ್ತೆ ಉಕ್ಕಿತು, ಹಿಂದಿನದಕ್ಕಿಂತ ಜೋರಾಗಿ. ಮುದುಕರು, ಮಕ್ಕಳು, ಹೆಂಗಸರೆಲ್ಲ ಎತ್ತರದಲ್ಲಿದ್ದ ಶಾಲೆಯಲ್ಲಿ ಸೇರಿದೆವು. ಮಧ್ಯಾಹ್ನ ಏರಿ ಕಾಯಲು ಹೋಗಿದ್ದ ಫೋಲ್ಕರ್ಟ್ ತೊಯ್ದು ತೊಪ್ಪೆಯಾಗಿ ಒಳಗೆ ಬಂದ. ನೇರ ತೊಮ್ಮಾಳ ಎದುರು ಬಂದು ಟೋಪಿ ತೆಗೆದ.

"ಹೊಸ ಏರಿ ನಿಂತಿದೆ ತೊಮ್ಮಾ. ಹಳೇದು ಕೊಚ್ಚಿಹೋಯ್ತು."

"ನಡುವೆ ನೀರು ಎಷ್ಟಿದೆ?"

ಅವನು ತಡವರಿಸಿದ. "ಉಬ್ಬೊನ ಮನೆ ಇದ್ದಿದ್ರೆ... ಸೂರು ಮುಳುಗ್ತಿತ್ತಮ್ಮ. ಹೊಗೆಗೂಡೂ ನಿಲ್ತಿರಲಿಲ್ಲ."

ತೊಮ್ಮಾ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತಳು. ನನ್ನ ಕೈ ಹಿಡಿದುಕೊಂಡು, ಅಷ್ಟು ಜನರ ಮುಂದೆ, ಊರಿನ ಅಧ್ಯಕ್ಷೆ, ಬಿಕ್ಕಿ ಬಿಕ್ಕಿ ಅತ್ತಳು.

"ಹಾಗಾದ್ರೆ ಅದು ಹೇಗೂ ಹೋಗೋದೇ ಇತ್ತಾ ಗೇಶೆ?"

"ಹೋಗೋದೇ ಇತ್ತು ಕಣೇ."

"ಉಬ್ಬೊಗೆ ನನ್ನ ಮೇಲೆ ಸಿಟ್ಟಿರಲ್ಲ, ಅಲ್ವಾ?"

"ಇಲ್ಲ ಕಣೇ ಹುಚ್ಚಿ," ಎಂದೆ. ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡೆ.